ಡಬ್ಬಿಯ ಹಣ್ಣೋ, ಹಿತ್ತಲ ಹಣ್ಣೋ?

‘ಸೂಪರ್‌ಫುಡ್’ ಪ್ರಚಾರದ ಬಗ್ಗೆ ರೈತ ಕುಟುಂಬಗಳಿಗೆ ಕೆಲವು ಮಾತು

ಶಿಕಾರಿಪುರ ತಾಲೂಕಿನ ಉಡುತಡಿಯ ಕಡೆ ಮೆಕ್ಕೆಜೋಳದ ಬೆಳೆ ನೋಡಲು ಹೋಗಿದ್ದಾಗ ಒಬ್ಬ ರೈತರು ತಮ್ಮ ಮನೆಯ ಜಗಲಿಗೆ ಕರೆದು ಒಂದು ಡಬ್ಬಿಯನ್ನು ಕೈಗಿತ್ತರು. ‘ಇದು ನಿಜವಾಗಿಯೂ ಒಳ್ಳೆಯದೇನು, ನೋಡಿ ಹೇಳಿ ಸಾಹೇಬರೇ’ ಎಂದರು. ಡಬ್ಬಿಯ ಮೇಲೆ ಬಣ್ಣ ಬಣ್ಣದ ಹಣ್ಣುಗಳ ಚಿತ್ರವಿತ್ತು. ‘ಸೂಪರ್‌ಫುಡ್’, ‘ಆಂಟಿಆಕ್ಸಿಡೆಂಟ್’ ಎಂಬ ಮಾತುಗಳು ದಪ್ಪ ಅಕ್ಷರದಲ್ಲಿದ್ದವು. ಒಳಗಿದ್ದದ್ದು 60 ಕ್ಯಾಪ್ಸೂಲ್. ಪರಿಚಯದವರೊಬ್ಬರ ಮಾತಿನ ಮೇಲೆ ಸಾವಿರಕ್ಕೂ ಹೆಚ್ಚು ರೂಪಾಯಿ ಕೊಟ್ಟು ತರಿಸಿದ್ದರು. ಅದೇ ಮನೆಯ ಹಿತ್ತಲಿನಲ್ಲಿ ಪೇರಲೆ ಮರದ ಕೆಳಗೆ ಹಣ್ಣುಗಳು ಬಿದ್ದು ಕೊಳೆಯುತ್ತಿದ್ದವು.

ಹಣದ ಮಾತು ಹಾಗಿರಲಿ. ವಿಚಾರಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ಆ ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ. ಹಣ್ಣಿನ ಕ್ಯಾಪ್ಸೂಲ್ ಶುರುಮಾಡಿದ ಮೇಲೆ ‘ಎರಡೆರಡು ಔಷಧಿ ಯಾಕೆ’ ಎಂದು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಿಲ್ಲಿಸಿದ್ದರು. ಆರು ವಾರ ಕಳೆದಿತ್ತು. ಕೂಡಲೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಲು ಹೇಳಿ ಬಂದೆ. ಸಕ್ಕರೆಯ ಪ್ರಮಾಣ ಬಹಳ ಏರಿತ್ತೆಂದೂ, ಹಳೆಯ ಮಾತ್ರೆಯನ್ನೇ ವೈದ್ಯರು ಮತ್ತೆ ಕೊಟ್ಟರೆಂದೂ ಆಮೇಲೆ ತಿಳಿಯಿತು. ಸಕಾಲದಲ್ಲಿ ಗೊತ್ತಾದದ್ದು ಪುಣ್ಯ. ಇಂಥ ಡಬ್ಬಿಯೊಂದನ್ನು ಕೆಲವು ವರ್ಷಗಳ ಹಿಂದೆ ನಾನೂ ನನ್ನ ತಾಯಿಗೆ ತಂದುಕೊಟ್ಟವನೇ. ಆದ್ದರಿಂದ ಆ ರೈತರನ್ನು ದೂರುವ ಅಧಿಕಾರ ನನಗಿಲ್ಲ.

ಈ ಪ್ರಶ್ನೆ ಈಗ ಹಳ್ಳಿ ಹಳ್ಳಿಯಲ್ಲೂ ಇದೆ. ಕೊಳ್ಳುವವರಾಗಿ ಮಾತ್ರವಲ್ಲ, ಬೆಳೆಯುವವರಾಗಿಯೂ ರೈತರು ಇದನ್ನು ಅರಿತುಕೊಳ್ಳುವುದು ಒಳ್ಳೆಯದು.

ಹೆಸರು ಎಲ್ಲಿಂದ ಬಂತು?

‘ಸೂಪರ್‌ಫುಡ್’ ಎಂಬುದು ಪೋಷಣಾ ಶಾಸ್ತ್ರದ ಮಾತಲ್ಲ, ವ್ಯಾಪಾರದ ಮಾತು. ಮೊದಲನೆಯ ಮಹಾಯುದ್ಧದ ಸುಮಾರಿಗೆ ಅಮೆರಿಕದಲ್ಲಿ ಬಾಳೆಹಣ್ಣನ್ನು ಮಾರುತ್ತಿದ್ದ ಯುನೈಟೆಡ್ ಫ್ರೂಟ್ ಕಂಪನಿಯ ಪ್ರಚಾರದಿಂದ ಈ ಬಗೆಯ ಮಾತು ಬಳಕೆಗೆ ಬಂತೆಂದು ಹೇಳುತ್ತಾರೆ. ನಮ್ಮ ಅಡಿಕೆ ತೋಟದ ಎಡೆಯಲ್ಲಿ ಬೆಳೆಯುವ ಬಾಳೆಯೇ ಅಲ್ಲಿ ಒಂದು ಕಾಲಕ್ಕೆ ಅದ್ಭುತ ಆಹಾರವೆನಿಸಿತ್ತು! ಅನಂತರ ಬೇರೆ ಬೇರೆ ಹಣ್ಣುಗಳಿಗೆ ಸರದಿ ಬಂತು. ಬ್ಲೂಬೆರಿ, ಗೋಜಿ, ನೋನಿ, ಡ್ರ್ಯಾಗನ್ ಹಣ್ಣು, ಹೀಗೆ. ಯಾವ ದೇಶದಲ್ಲಿ ಯಾವ ಹಣ್ಣು ಅಪರೂಪವೋ ಅಲ್ಲಿ ಅದು ‘ಸೂಪರ್’ ಆಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2007ರಿಂದಲೇ ಒಪ್ಪಿತವಾದ ನಿರ್ದಿಷ್ಟ ಆರೋಗ್ಯ ವಿವರಣೆ ಜೊತೆಗಿಲ್ಲದೆ ಈ ಪದವನ್ನು ಪೊಟ್ಟಣದ ಮೇಲೆ ಬಳಸುವಂತಿಲ್ಲ.

ಆಂಟಿಆಕ್ಸಿಡೆಂಟ್ ಎಂದರೇನು?

ಬಾಳೆಕಾಯಿಯನ್ನು ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ಬೇಗ ಕಪ್ಪಾಗುವುದಿಲ್ಲ. ಗಾಳಿಯ ಆಮ್ಲಜನಕದಿಂದ ಆಗುವ ಈ ಬದಲಾವಣೆಯನ್ನು ನಿಂಬೆಯ ಹುಳಿಯೂ ಅದರಲ್ಲಿರುವ ವಿಟಮಿನ್ ಸಿಯೂ ತಡೆಯುತ್ತವೆ. ನಮ್ಮ ದೇಹದೊಳಗೂ ಆಹಾರ ಶಕ್ತಿಯಾಗಿ ಮಾರ್ಪಡುವಾಗ ಹಾನಿಕರ ಕಣಗಳು ಹುಟ್ಟುತ್ತವೆ. ಇವೇ ಮುಪ್ಪಿಗೆ ಕಾರಣವಿರಬಹುದೆಂದು 1956ರಲ್ಲಿ ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ ಎಂಬ ವಿಜ್ಞಾನಿ ವಾದಿಸಿದರು. ಈ ಕಣಗಳನ್ನು ಹದ್ದಿನಲ್ಲಿಡುವ ವಸ್ತುಗಳೇ ಆಂಟಿಆಕ್ಸಿಡೆಂಟುಗಳು. ವಿಟಮಿನ್ ಸಿ, ವಿಟಮಿನ್ ಇ, ಹಳದಿ ಕೇಸರಿ ಹಣ್ಣುಗಳ ಬೀಟಾ ಕೆರೋಟಿನ್, ನೇರಳೆ ಮುರುಗಲುಗಳ ಕೆಂಪು ಬಣ್ಣ, ನೆಲ್ಲಿಯ ಒಗರು ಇವೆಲ್ಲ ಈ ಗುಂಪಿನವು.

ಇಲ್ಲಿಯವರೆಗೆ ಮಾತು ಸರಿ. ಹಾಗಾದರೆ ಇವನ್ನು ಹೆಚ್ಚು ಹೆಚ್ಚು ತಿಂದಷ್ಟೂ ಒಳ್ಳೆಯದೇ? ಗದ್ದೆಗೆ ಯೂರಿಯಾ ಹಾಕಿದಂತೆಯೇ ಇದೂ. ಬೇಕಾದಷ್ಟು ಕೊಟ್ಟರೆ ಪೈರು ಹಸಿರಾಗುತ್ತದೆ. ಮೂರು ಪಟ್ಟು ಕೊಟ್ಟರೆ ಪೈರು ಬೀಳುತ್ತದೆ, ರೋಗ ತಗಲುತ್ತದೆ, ಉಳಿದದ್ದು ನೀರಿನೊಡನೆ ಹರಿದುಹೋಗುತ್ತದೆ. ವಿಟಮಿನ್ ಸಿಯನ್ನು ಒಂದೇ ಸಲಕ್ಕೆ ಒಂದು ಗ್ರಾಮಿನಷ್ಟು ನುಂಗಿದರೆ ಅರ್ಧದಷ್ಟೂ ಮೈಗೆ ಹತ್ತುವುದಿಲ್ಲ. ಮೈಗೆ ಸೇರಿದ್ದರಲ್ಲೂ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ.

ಮಾತ್ರೆಗಳ ಪರೀಕ್ಷೆ ಏನು ಹೇಳಿತು?

ಹಣ್ಣು ತರಕಾರಿ ಚೆನ್ನಾಗಿ ತಿನ್ನುವವರಲ್ಲಿ ಹೃದಯರೋಗ, ಕೆಲವು ಕ್ಯಾನ್ಸರ್‌ಗಳು ಕಡಿಮೆಯೆಂದು ಬಹಳ ಹಿಂದೆಯೇ ಕಂಡುಬಂದಿತ್ತು. ಹಾಗಿದ್ದರೆ ಅವುಗಳ ಸತ್ವವನ್ನು ಮಾತ್ರೆ ಮಾಡಿ ಕೊಟ್ಟರೆ ಆಯಿತಲ್ಲ ಎಂದು ದೊಡ್ಡ ಪ್ರಯೋಗಗಳು ನಡೆದವು. ಫಿನ್‌ಲೆಂಡ್ ದೇಶದಲ್ಲಿ ಧೂಮಪಾನ ಮಾಡುವ 29,133 ಗಂಡಸರನ್ನು ಆರಿಸಿ, ಕೆಲವರಿಗೆ ಬೀಟಾ ಕೆರೋಟಿನ್ ಮಾತ್ರೆಯನ್ನೂ ಕೆಲವರಿಗೆ ಸಪ್ಪೆ ಮಾತ್ರೆಯನ್ನೂ ವರ್ಷಗಟ್ಟಲೆ ಕೊಟ್ಟರು. 1994ರಲ್ಲಿ ಫಲಿತಾಂಶ ಹೊರಬಿದ್ದಾಗ ಎಲ್ಲರೂ ಬೆರಗಾದರು. ಬೀಟಾ ಕೆರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ. ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದೇ ಇನ್ನೊಂದು ಪ್ರಯೋಗದಲ್ಲಿ ಹೆಚ್ಚಳ ಶೇಕಡಾ 28 ಎಂದು ಕಂಡು, 1996ರಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. 2012ರಲ್ಲಿ ಕಾಕ್ರೇನ್ ಸಂಸ್ಥೆಯವರು ಸುಮಾರು 2 ಲಕ್ಷ 97 ಸಾವಿರ ಜನರ ಮೇಲೆ ನಡೆದ 78 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದರು. ಆಂಟಿಆಕ್ಸಿಡೆಂಟ್ ಮಾತ್ರೆಗಳಿಂದ ಆಯುಸ್ಸು ಹೆಚ್ಚುವುದೆಂಬುದಕ್ಕೆ ಆಧಾರ ಸಿಗಲಿಲ್ಲ. ಬೀಟಾ ಕೆರೋಟಿನ್ ಮತ್ತು ವಿಟಮಿನ್ ಇ ಮಾತ್ರೆಗಳಿಂದ ಸಾವಿನ ಪ್ರಮಾಣ ತುಸು ಹೆಚ್ಚುವಂತೆಯೇ ತೋರಿತು.

ಬೀಡಿ ಸಿಗರೇಟು ಸೇದುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ‘ಸೇದುವುದನ್ನು ಬಿಡಲಾಗಲಿಲ್ಲ, ಮಾತ್ರೆಯಾದರೂ ನುಂಗೋಣ’ ಎಂಬ ಲೆಕ್ಕ ತಲೆಕೆಳಗಾದದ್ದು.

ಹಣ್ಣಿನಲ್ಲಿ ಒಳ್ಳೆಯದಾದದ್ದು ಮಾತ್ರೆಯಲ್ಲಿ ಯಾಕೆ ಕೆಟ್ಟಿತು? ಹಣ್ಣಿನಲ್ಲಿ ನಾರು, ನೀರು, ಹುಳಿ, ಲವಣ, ನೂರಾರು ಸತ್ವಗಳು ಒಂದಕ್ಕೊಂದು ಹೊಂದಿಕೊಂಡು ಸಣ್ಣ ಪ್ರಮಾಣದಲ್ಲಿ ಇರುತ್ತವೆ. ಅದರಲ್ಲೊಂದನ್ನು ಮಾತ್ರ ಕಿತ್ತು ಹತ್ತು ಪಟ್ಟು ಕೊಟ್ಟರೆ ಅದು ಆಹಾರವಾಗಿ ಉಳಿಯುವುದಿಲ್ಲ. ಗಾಜಿನ ನಳಿಕೆಯಲ್ಲಿ ಅಳೆದ ಶಕ್ತಿ ಹೊಟ್ಟೆಯಲ್ಲೂ ಇರಬೇಕೆಂದಿಲ್ಲ. ಹಣ್ಣುಗಳಿಗೆ ಈ ರೀತಿ ಅಂಕಗಳನ್ನು ಕೊಟ್ಟು ಅಮೆರಿಕದ ಕೃಷಿ ಇಲಾಖೆ ಒಂದು ಪಟ್ಟಿಯನ್ನು ಇಟ್ಟಿತ್ತು. ಆಹಾರ ಕಂಪನಿಗಳು ಅದನ್ನು ಪ್ರಚಾರಕ್ಕೆ ದುರುಪಯೋಗ ಮಾಡುತ್ತಿವೆಯೆಂದೂ, ಆ ಅಂಕಕ್ಕೂ ಆರೋಗ್ಯಕ್ಕೂ ನೇರ ಸಂಬಂಧ ಕಾಣುವುದಿಲ್ಲವೆಂದೂ 2012ರಲ್ಲಿ ಇಲಾಖೆಯೇ ಅದನ್ನು ಹಿಂತೆಗೆದುಕೊಂಡಿತು. ಇಂದಿಗೂ ಕೆಲವು ಡಬ್ಬಿಗಳ ಮೇಲೆ ಆ ಅಂಕಗಳನ್ನು ಹೋಲುವ ಲೆಕ್ಕಗಳನ್ನು ಕಾಣಬಹುದು.

ನಮ್ಮದೇ ಉಪ್ಪಾಗೆಯ ಪಾಠ

ದೂರದ ಮಾತು ಬೇಡವೆನ್ನುವವರಿಗೆ ಹತ್ತಿರದ್ದೇ ಒಂದು ಉದಾಹರಣೆಯಿದೆ. ಸೊರಬ ದಾಟಿ ಸಿದ್ದಾಪುರ, ಸಾಗರಗಳ ಘಟ್ಟದಂಚಿಗೆ ಹೋದರೆ ಉಪ್ಪಾಗೆ ಮರಗಳಿವೆ. ಮುರುಗಲಿನ ಜಾತಿಯದೇ. ಮಳೆಗಾಲದಲ್ಲಿ ಹಣ್ಣಾಗುತ್ತದೆ. ಒಣಸಿಪ್ಪೆಯನ್ನು ಹುಳಿಗೆ, ಬೀಜದ ತುಪ್ಪವನ್ನು ಅಡಿಗೆಗೆ ನಮ್ಮ ಹಿರಿಯರು ಬಳಸುತ್ತಿದ್ದರು. ಇದರ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿಕೊಟ್ಟವರು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು.

ಈ ಆಮ್ಲ ಕೊಬ್ಬು ಕಟ್ಟುವುದನ್ನು ತಡೆಯುತ್ತದೆಂದು ಪ್ರಯೋಗಾಲಯದ ಇಲಿಗಳಲ್ಲಿ ಕಂಡಿತು. ಅಷ್ಟೇ ಸಾಕಾಯಿತು. 1990ರ ದಶಕದಲ್ಲಿ ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಉಪ್ಪಾಗೆ ಪರದೇಶಕ್ಕೆ ಹೊರಟಿತು. ಕಾಡಿನಲ್ಲಿ ಪೈಪೋಟಿ ಹುಟ್ಟಿತು. ನಾಳೆ ಬೇರೆಯವರು ಕೊಯ್ದಾರೆಂದು ಕಾಯಿಯನ್ನೇ ಕೊಯ್ದರು. ಕೈಗೆಟುಕದ ಕಡೆ ಕೊಂಬೆಯನ್ನೇ ಕಡಿದರು. ಮಳೆಗಾಲದ ಫಸಲಾದ್ದರಿಂದ ಬೆಂಕಿಯಲ್ಲೇ ಒಣಗಿಸಬೇಕು. ಅದಕ್ಕೆ ಕಾಡಿನ ಸೌದೆಯೇ ಬೇಕು. ಉಪ್ಪಾಗೆಯನ್ನು ತಿಂದು ಬದುಕುವ ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಇದರಿಂದ ಹೊಡೆತ ಬಿತ್ತು.

ಮಾತ್ರೆಯ ಗುಣವೇನಾಯಿತು? ಅಮೆರಿಕದಲ್ಲಿ 135 ಮಂದಿ ಸ್ಥೂಲಕಾಯರ ಮೇಲೆ 12 ವಾರ ನಡೆದ ಪ್ರಯೋಗದ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಉಪ್ಪಾಗೆ ಸತ್ವ ನುಂಗಿದವರು ಸರಾಸರಿ 3.2 ಕಿಲೋ ಇಳಿದಿದ್ದರು. ಸಪ್ಪೆ ಮಾತ್ರೆ ನುಂಗಿದವರು 4.1 ಕಿಲೋ ಇಳಿದಿದ್ದರು! ಇಬ್ಬರಿಗೂ ಒಂದೇ ಪಥ್ಯದ ಊಟ. ತೂಕ ಇಳಿದದ್ದು ಪಥ್ಯದಿಂದ, ಮಾತ್ರೆಯಿಂದಲ್ಲ. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ತೂಕ ಇಳಿಸುವ ಒಂದು ಜನಪ್ರಿಯ ಮಾತ್ರೆ ಸರಣಿಯನ್ನು ಬಳಸಬೇಡಿರೆಂದು ಎಚ್ಚರಿಸಿತು. ಯಕೃತ್ತು ಕೆಟ್ಟ 23 ವರದಿಗಳು ಬಂದಿದ್ದವು. ಆ ಸರಣಿಯ ಕೆಲವು ಮಿಶ್ರಣಗಳಲ್ಲಿ ಉಪ್ಪಾಗೆ ಸತ್ವವೂ ಇತ್ತು. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ಉಪ್ಪಾಗೆ ಸತ್ವದ ಮಾತ್ರೆಗಳನ್ನು ಸೇವಿಸಬಾರದೆಂದೇ ಸಲಹೆ ಮಾಡಿತು.

ಸಾರಿಗೆ ಹಾಕುವ ಎರಡು ಎಸಳು ಉಪ್ಪಾಗೆಗೆ ಹೆದರಬೇಕಾಗಿಲ್ಲ. ಎಚ್ಚರಿಕೆ ಇರುವುದು ಗಟ್ಟಿಮಾಡಿದ ಸತ್ವಕ್ಕೆ. ಆದರೆ ಒಂದು ಮಾತನ್ನು ನೆನಪಿಡಬೇಕು: ಕಾಡಿನ ಮರ ನಮ್ಮದು, ಬೆವರು ನಮ್ಮದು, ವಿಜ್ಞಾನವೂ ನಮ್ಮದೇ. ಲಾಭ ಮಾತ್ರ ಡಬ್ಬಿಗೆ ಚೀಟಿ ಅಂಟಿಸಿದವರದಾಯಿತು.

‘ಹಣ್ಣಿನದು ತಾನೇ, ಏನಾಗುತ್ತದೆ?’

ಈ ಮಾತನ್ನು ಬಹಳ ಮಂದಿ ಹೇಳುತ್ತಾರೆ. ನಮ್ಮ ಹಿತ್ತಲಿನಲ್ಲಿ ಬೆಳೆಯುವ ಬಿಂಬುಳಿಯನ್ನೇ ನೋಡಿ. ಉಪ್ಪಿನಕಾಯಿಗೆ, ಮೇಲೋಗರಕ್ಕೆ ಎಷ್ಟೋ ಕಾಲದಿಂದ ಬಳಸುತ್ತಿದ್ದೇವೆ. ಕೊಬ್ಬು ಇಳಿಯುತ್ತದೆಂಬ ನಂಬಿಕೆಯಿಂದ ಕೇರಳದಲ್ಲಿ ಕೆಲವರು ಇದರ ಗಟ್ಟಿ ರಸವನ್ನು ಲೋಟಗಟ್ಟಲೆ ಕುಡಿದರು. ಅದರಲ್ಲಿರುವ ಆಕ್ಸಲೇಟ್ ಮೂತ್ರಪಿಂಡದಲ್ಲಿ ಕಟ್ಟಿಕೊಂಡು 10 ಮಂದಿ ಆಸ್ಪತ್ರೆ ಸೇರಿದ ವರದಿ 2013ರಲ್ಲಿ ಪ್ರಕಟವಾಗಿದೆ. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಮಾಡಬೇಕಾಯಿತು. ಧಾರೆಹುಳಿಯೂ ಇದೇ ವರ್ಗದ್ದು. ಮೂತ್ರಪಿಂಡದ ರೋಗಿಗಳು ಅದನ್ನು ಮುಟ್ಟಲೇಬಾರದು. ನೋನಿ ರಸದಲ್ಲಿ ಪೊಟ್ಯಾಷಿಯಂ ಹೆಚ್ಚಿರುವುದರಿಂದ ಅದೂ ಇಂಥವರಿಗೆ ಅಪಾಯ. ಹೃದಯಕ್ಕಾಗಿ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಯಕೃತ್ತಿನ ತೊಂದರೆಯಿರುವವರು ವೈದ್ಯರನ್ನು ಕೇಳದೆ ಯಾವ ಸತ್ವದ ಡಬ್ಬಿಯನ್ನೂ ತೆರೆಯಬಾರದು. ನೇರಳೆ ಬೀಜದ ಪುಡಿಯಿಂದ ಸಕ್ಕರೆ ಕಾಯಿಲೆ ವಾಸಿಯಾಯಿತೆಂದು ಮಾತ್ರೆ ನಿಲ್ಲಿಸುವುದಂತೂ ಸರ್ವಥಾ ಕೂಡದು.

ಒಂದು ಸಣ್ಣ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ನೆಲ್ಲಿಕಾಯಿಯಲ್ಲಿ ಸುಮಾರು 250 ಮಿಲಿಗ್ರಾಂ, ಪೇರಲೆಯಲ್ಲಿ 210ಕ್ಕೂ ಹೆಚ್ಚು ಮಿಲಿಗ್ರಾಂ ವಿಟಮಿನ್ ಸಿ ಇದೆ. ಪೇಟೆಯಲ್ಲಿ ದುಬಾರಿಗೆ ಸಿಗುವ ಕಿವಿ ಹಣ್ಣಿನಲ್ಲಿ 90ರ ಆಸುಪಾಸು, ಬ್ಲೂಬೆರಿಯಲ್ಲಿ 10ರ ಆಸುಪಾಸು, ಸೇಬಿನಲ್ಲಿ 5ಕ್ಕಿಂತ ಕಡಿಮೆ. ನಮ್ಮ ಕಡೆ ಬೀಜ ಕಿತ್ತು ಬಿಸಾಡುವ ಗೇರುಹಣ್ಣಿನಲ್ಲೂ ಇದು ಸಮೃದ್ಧವಾಗಿದೆ.

ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸಿಗೆ 65 ಮಿಲಿಗ್ರಾಂ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಬೀಜ ಬಿಟ್ಟು 30 ಗ್ರಾಂ ತಿರುಳಿರುವ ಒಂದು ನೆಲ್ಲಿಕಾಯಿಯಲ್ಲಿ ಸುಮಾರು 75 ಮಿಲಿಗ್ರಾಂ ಸಿಕ್ಕಿತು. ಅಂದರೆ ದಿನಕ್ಕೊಂದು ನೆಲ್ಲಿಕಾಯಿ ಅಥವಾ ಅರ್ಧ ಪೇರಲೆ ತಿಂದರೆ ಲೆಕ್ಕ ಮುಗಿಯಿತು.

ಈಗ ಕ್ಯಾಪ್ಸೂಲಿಗೆ ಬನ್ನಿ. ನೆಲ್ಲಿಯಲ್ಲಿ ನೂರಕ್ಕೆ ಸುಮಾರು 85 ಭಾಗ ನೀರು. 500 ಮಿಲಿಗ್ರಾಂ ಒಣಪುಡಿಯ ಒಂದು ಕ್ಯಾಪ್ಸೂಲ್ ಆಗಲು 3ರಿಂದ 4 ಗ್ರಾಂ ಹಸಿ ನೆಲ್ಲಿ ಸಾಕು. 30 ಗ್ರಾಂ ಕಾಯಿಯ ಆರು ಹೋಳಿನಲ್ಲಿ ಒಂದು ಹೋಳೇ 5 ಗ್ರಾಂ ತೂಗುತ್ತದೆ. ಅಂದರೆ ಒಂದು ಕ್ಯಾಪ್ಸೂಲ್ ಒಂದು ಹೋಳಿಗೂ ಸಮನಲ್ಲ. 60 ಕ್ಯಾಪ್ಸೂಲಿನ ಡಬ್ಬಿಯೊಳಗೆ ಏಳೆಂಟು ನೆಲ್ಲಿಕಾಯಿಯಷ್ಟು ಪುಡಿಯಿದೆ. ಅದಕ್ಕೆ ಸಾವಿರ ರೂಪಾಯಿ! ‘ಪುಡಿ’ ಎನ್ನದೆ ‘ಸತ್ವ’ ಎಂದು ಬರೆದಿದ್ದರೆ ಲೆಕ್ಕ ಬೇರೆ. ಆಗ ಯಾವ ಅಂಶ ಎಷ್ಟಿದೆ ಎಂಬುದನ್ನು ಚೀಟಿಯಲ್ಲಿ ಓದಬೇಕು.

ಕೊಳ್ಳಲೇಬೇಕಾದರೆ

ಎಲ್ಲ ಮಾತ್ರೆಗಳೂ ಬೇಡವೆಂದು ಈ ಲೇಖನದ ಅಭಿಪ್ರಾಯವಲ್ಲ. ಗರ್ಭಿಣಿಯರಿಗೆ ಆರೋಗ್ಯ ಕೇಂದ್ರದಲ್ಲಿ 180 ದಿನ ಉಚಿತವಾಗಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಬೇಕೇ ಬೇಕು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಕೊರತೆ ಕಂಡು ವೈದ್ಯರು ಬರೆದುಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಇವು ಇಂಥ ಕೊರತೆಗೆ ಇಷ್ಟು ಪ್ರಮಾಣವೆಂದು ನಿಗದಿಯಾದವು. ಹಣ್ಣಿನ ಡಬ್ಬಿಗಳ ವಿಷಯದಲ್ಲಿ ಈ ಕೆಳಗಿನವುಗಳನ್ನು ಗಮನಿಸಬಹುದು.

1. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಕೊಳ್ಳಬೇಡಿ. ಇದ್ದರೂ ಅದು ತಯಾರಕರಿಗೆ ಕೊಟ್ಟ ಪರವಾನಗಿಯೇ ಹೊರತು, ರೋಗ ಗುಣವಾಗುತ್ತದೆಂಬ ಸರ್ಟಿಫಿಕೇಟ್ ಅಲ್ಲ.

2. ಪೂರಕ ಆಹಾರಗಳ 2016ರ ನಿಯಮಾವಳಿಯಂತೆ ಇಂಥ ಡಬ್ಬಿಯ ಮೇಲೆ ‘ಔಷಧವಾಗಿ ಬಳಸಲು ಅಲ್ಲ’ ಎಂಬರ್ಥದ ಸೂಚನೆ ಇರತಕ್ಕದ್ದು. ಮಾರುವವನ ಬಾಯಿಮಾತು ಒಂದು, ಡಬ್ಬಿಯ ಮಾತು ಇನ್ನೊಂದು ಆಗಿದ್ದರೆ ಡಬ್ಬಿಯನ್ನೇ ನಂಬಿ.

3. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವು ವಾಸಿಯಾಗುತ್ತವೆಂಬ ಜಾಹೀರಾತುಗಳಿಗೆ 1954ರ ಔಷಧ ಮತ್ತು ಪವಾಡ ಪರಿಹಾರಗಳ ಕಾಯಿದೆಯಲ್ಲಿ ನಿಷೇಧವಿದೆ. ಆಹಾರದ ಬಗ್ಗೆ ಸುಳ್ಳು ಜಾಹೀರಾತು ಕೊಟ್ಟರೆ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

4. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಮೊದಲ ಹೆಸರು ಸಕ್ಕರೆಯದೋ ನೀರಿನದೋ ಆಗಿದ್ದರೆ ಹಣ್ಣು ಹೆಸರಿಗೆ ಮಾತ್ರ. ಮರುನೀರು ಬೆರೆಸಿ ಮಾಡಿದ ರಸಕ್ಕೆ ‘ಶೇಕಡಾ 100 ಹಣ್ಣಿನ ರಸ’ ಎಂದು ಬರೆಯುವುದನ್ನು ತೆಗೆಯಬೇಕೆಂದು ಪ್ರಾಧಿಕಾರ 2024ರ ಜೂನ್‌ನಲ್ಲಿ ಆದೇಶ ಮಾಡಿದೆ.

5. ‘ನೀವೂ ಹತ್ತು ಜನರನ್ನು ಸೇರಿಸಿ’ ಎನ್ನುವ ವ್ಯಾಪಾರವಾದರೆ ನೆಂಟರ ಮುಖ ನೋಡಿ ಒಪ್ಪಬೇಡಿ. ಹೇಳಲು ಸಂಕೋಚವಾದರೆ, ‘ಡಾಕ್ಟರನ್ನು ಕೇಳಿ ಹೇಳುತ್ತೇನೆ’ ಎಂದರೆ ಸಾಕು.

ಮನೆಯ ಹೆಂಗಸರ ತಟ್ಟೆ

ನಮ್ಮ ರಾಜ್ಯದಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ಅರ್ಧದ ಹತ್ತಿರ ಮಂದಿಗೆ ರಕ್ತಹೀನತೆಯಿದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿದೆ. ಹಿರಿಯರಿಗೆಂದು ಸಾವಿರ ರೂಪಾಯಿಯ ಡಬ್ಬಿ ಬರುವ ಮನೆಯಲ್ಲೇ ಸೊಸೆ ನಾಟಿಯ ಗದ್ದೆಯಲ್ಲಿ ತಲೆ ಸುತ್ತಿ ಕೂರುವುದನ್ನು ನಾವು ನೋಡುತ್ತೇವೆ. ರಾಗಿ, ಹರಿವೆ, ನುಗ್ಗೆ ಸೊಪ್ಪುಗಳಲ್ಲಿ ಕಬ್ಬಿಣವಿದ್ದರೂ ಅದು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಅದೇ ಊಟದಲ್ಲಿ ಹುಳಿಹಣ್ಣಿನ ವಿಟಮಿನ್ ಸಿ ಇದ್ದರೆ ಹೆಚ್ಚು ಹತ್ತುತ್ತದೆ. ಸೊಪ್ಪಿನ ಪಲ್ಯಕ್ಕೆ ಇಳಿಸಿದ ಮೇಲೆ ನಿಂಬೆ ಹಿಂಡುವುದು, ಅನ್ನಕ್ಕೆ ಹಸಿ ನೆಲ್ಲಿಯ ತಂಬುಳಿ, ಊಟದ ಕೊನೆಗೊಂದು ಪೇರಲೆ, ಇವೇ ಸಾಕು. ಊಟವಾದ ಕೂಡಲೇ ಚಹಾ ಕುಡಿದರೆ ಕಬ್ಬಿಣ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ತಡೆದು ಕುಡಿಯುವುದು ಲೇಸು. ಹಣ್ಣಿನ ನಿಜವಾದ ಬಲ ಇಲ್ಲಿದೆ.

ನೆಲ್ಲಿ ಇಲ್ಲದ ಕಾಲಕ್ಕೆ ಪೇರಲೆ, ಪೇರಲೆ ಇಲ್ಲದಾಗ ಪಪ್ಪಾಯಿ, ನಿಂಬೆ, ಅನಾನಸ್. ಬೇಸಿಗೆಯಲ್ಲಿ ಗೇರುಹಣ್ಣು, ಮಾವು, ಕವಳಿ. ಮಳೆಗೆ ಮೊದಲು ನೇರಳೆ. ಹೀಗೆ ಸರದಿಯಂತೆ ತಿಂದರೆ ವರ್ಷವಿಡೀ ಬಣ್ಣ ಬಣ್ಣದ ಹಣ್ಣು ಮನೆಯಲ್ಲೇ ಸಿಕ್ಕೀತು. ಬಹಳ ಹೊತ್ತು ಕುದಿಸಿದರೆ ವಿಟಮಿನ್ ಸಿ ನಷ್ಟವಾಗುತ್ತದೆ. ಉಪ್ಪಿನಲ್ಲಿಟ್ಟ ಕಾಯಿ ರುಚಿಯೇನೋ ಸರಿ, ರಕ್ತದೊತ್ತಡ ಇರುವವರು ಮಿತವಾಗಿ ತಿನ್ನಬೇಕು.

ಬೆಳೆಯುವವರಿಗೆ ಒಂದು ಮಾತು

‘ಸೂಪರ್‌ಫುಡ್’ ಎಂಬ ಹೆಸರು ಕೇಳಿ ತೋಟವನ್ನೇ ಬದಲಾಯಿಸಲು ಹೊರಡುವವರಿದ್ದಾರೆ. ಗುಜರಾತ್ ಸರ್ಕಾರ 2021ರಲ್ಲಿ ಡ್ರ್ಯಾಗನ್ ಹಣ್ಣಿಗೆ ‘ಕಮಲಂ’ ಎಂದು ಹೆಸರಿಟ್ಟ ಮೇಲೆ ನಮ್ಮಲ್ಲೂ ವಿಚಾರಿಸುವವರು ಹೆಚ್ಚಾದರು. ಅದು ಕಳ್ಳಿಯ ಜಾತಿ. ನೀರು ನಿಲ್ಲುವ ನೆಲದಲ್ಲಿ ಬೇರು ಕೊಳೆಯುತ್ತದೆ. ಕಂಬಗಳಿಗೇ ಮೊದಲ ವರ್ಷ ದೊಡ್ಡ ಖರ್ಚು. ಬೆಳೆಯಬಾರದೆಂದಲ್ಲ. ನೀರು ಬಸಿಯುವ ಭೂಮಿ, ಕೊಳ್ಳುವ ಪೇಟೆ ಎರಡೂ ಇದ್ದರೆ ಬೆಳೆಯಿರಿ. ಎಲ್ಲರೂ ಬೆಳೆದ ಮೇಲೆ ಅಪರೂಪದ ಹಣ್ಣಿನ ಬೆಲೆ ಸಾಮಾನ್ಯ ಹಣ್ಣಿನ ಬೆಲೆಗೆ ಬಂದೀತೆಂಬ ಲೆಕ್ಕವನ್ನೂ ಇಟ್ಟುಕೊಳ್ಳಿ.

ಅದರ ಬದಲು ಬದುವಿನಲ್ಲಿ ಎರಡು ಕಸಿ ನೆಲ್ಲಿ, ಹಿತ್ತಲಿನಲ್ಲಿ ಎರಡು ಪೇರಲೆ, ನೀರು ಹರಿಯುವ ತಗ್ಗಿನಲ್ಲಿ ಒಂದು ನೇರಳೆ, ಬಾವಿಕಟ್ಟೆಯ ಪಕ್ಕ ಒಂದು ನಿಂಬೆ ನೆಡುವುದಕ್ಕೆ ಖರ್ಚು ಬಹಳ ಕಡಿಮೆ. ನೆಲ್ಲಿಯನ್ನು ಜೋಡಿಯಾಗಿ, ಬೇರೆ ಬೇರೆ ತಳಿಯದನ್ನು ನೆಟ್ಟರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಮಹಿಳಾ ಸಂಘದವರು ಮುರುಗಲು ಶರಬತ್ತು, ನೆಲ್ಲಿ ಅಡಿಗೆ ಪದಾರ್ಥ ಮಾಡಿ ಮಾರುವುದಾದರೆ ಆಹಾರ ಸುರಕ್ಷತಾ ಕಾಯಿದೆಯಡಿ ನೋಂದಣಿ ಮಾಡಿಸಿ, ತಯಾರಿಸಿದ ದಿನಾಂಕ, ಪದಾರ್ಥಗಳ ಹೆಸರು ಸರಿಯಾಗಿ ಬರೆಯಬೇಕು. ರೋಗ ಗುಣವಾಗುತ್ತದೆಂದು ನಾವೂ ಬರೆಯಬಾರದು. ರುಚಿಯೂ ಶುಚಿಯೂ ಇದ್ದರೆ ಗಿರಾಕಿ ಮತ್ತೆ ಬರುತ್ತಾನೆ.

ಉಡುತಡಿಯ ಆ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆ. ಡಬ್ಬಿ ಖಾಲಿಯಾಗಿತ್ತು. ಅದರಲ್ಲಿ ಹೀರೇಬೀಜ ತುಂಬಿಟ್ಟಿದ್ದರು. ಹಿರಿಯರು ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ. ಸೊಸೆಯ ರಕ್ತಪರೀಕ್ಷೆಯೂ ಆಗಿದೆ, ಆರೋಗ್ಯ ಕೇಂದ್ರದ ಮಾತ್ರೆ ನಡೆಯುತ್ತಿದೆ. ಪೇರಲೆ ಈಗ ಮರದಡಿ ಕೊಳೆಯುತ್ತಿಲ್ಲ. ಮಕ್ಕಳು ಶಾಲೆಗೆ ಹೋಗುವಾಗ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ.

ಜೂನ್ ಮಳೆ ಹಿಡಿಯುವುದರೊಳಗೆ ಗುಂಡಿ ತೆಗೆದಿಡಿ. ಗಿಡ ಬೇಕಾದವರು ತಮ್ಮ ತಾಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸುವುದು ಒಳ್ಳೆಯದು.